ನೀಲಿಯಾಗಿಯೇ ಉಳಿದ ಪ್ರನಾಳ

ಮೊಳೆಯುವ ಎಣ್ಣೆಬೀಜ ತನ್ನ ಕೊಬ್ಬನ್ನು ಸಕ್ಕರೆಯಾಗಿ ಮಾಡಿಕೊಳ್ಳುತ್ತದೆ ಎಂದು ಪಿಯುಸಿ ಮಕ್ಕಳಿಗೆ ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಅದನ್ನು ನೀವು ಕಣ್ಣಾರೆ ನೋಡಿದ್ದೀರಾ?” ಎಂದಳು. ನೋಡಿರಲಿಲ್ಲ.

ಬೀಜಕ್ಕೆ ಅಲೆಯಬೇಕಾಗಲಿಲ್ಲ. ಬನಶಂಕರಿ ಆರನೇ ಹಂತದ ನಮ್ಮ ಮನೆಯ ಪಕ್ಕ ಖಾಲಿ ಸೈಟಿನಲ್ಲಿ ಹರಳು ಗಿಡ ಆಳೆತ್ತರಕ್ಕೆ ನಿಂತಿದೆ. ಪರಿಷೆಯಿಂದ ತಂದ ಹಸಿ ಕಡಲೆಕಾಯಿಯೂ ಮನೆಯಲ್ಲಿತ್ತು, ಆದರೆ ಅದರಲ್ಲಿ ಮೊದಲೇ ಸಕ್ಕರೆ, ಪಿಷ್ಟ ಎರಡೂ ಇರುವುದರಿಂದ ಪರೀಕ್ಷೆ ಗೊಂದಲವಾಗುತ್ತದೆ. ಹರಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ.

“ಮಗು ಓಡಾಡುವ ಮನೆಯಲ್ಲಿ ಹರಳು ಬೀಜ ಯಾಕಮ್ಮ?” ಎಂದು ಅತ್ತೆ ಗದರಿದರು. ಅವರು ಹೇಳಿದ್ದು ಸರಿ. ಅದರಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಕೈಗವಸು, ಬೇರೆ ಬ್ಲೇಡು, ಬೀಗ ಹಾಕಿದ ಕಪಾಟು, ಇಷ್ಟಕ್ಕೆ ಒಪ್ಪಂದವಾಯಿತು. ಯಾರೇ ಮಾಡಿದರೂ ಇದನ್ನು ಬಿಡಬೇಡಿ. ಮೊಳಕೆಯನ್ನು ನಾಲಿಗೆಗೆ ತಾಗಿಸಿ ಸಿಹಿ ನೋಡುವ ಆಸೆಯಂತೂ ಬೇಡವೇ ಬೇಡ.

ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಕತ್ತಲೆಗಿಟ್ಟೆ. ಬೆಳಕು ಬಿದ್ದರೆ ಸಕ್ಕರೆ ದ್ಯುತಿಸಂಶ್ಲೇಷಣೆಯಿಂದ ಬಂತೆಂದು ಯಾರಾದರೂ ವಾದಿಸಬಹುದಲ್ಲ! ಬೆಂಗಳೂರಿನ ಡಿಸೆಂಬರ್ ಚಳಿಗೆ ಐದು ದಿನ ಏನೂ ಆಗಲಿಲ್ಲ. ಡಬ್ಬಿಯನ್ನು ಇನ್ವರ್ಟರ್ ಪಕ್ಕದ ಬೆಚ್ಚನೆಯ ಮೂಲೆಗೆ ಸರಿಸಿದ ಮೇಲೆ ಬೇರು ಇಣುಕಿತು.

ಹತ್ತನೇ ದಿನ ಒಂದನ್ನು ಸೀಳಿದೆ. ಬಿಳಿಯ ತಿರುಳಿನ ನಡುವೆ ಕಾಗದದಷ್ಟು ತೆಳುವಾದ ಎರಡು ಬೀಜದಳಗಳು ತಿರುಳಿಗೆ ಒತ್ತಿಕೊಂಡು ಕೂತಿದ್ದವು. ತಿರುಳಿನಲ್ಲಿ ತಯಾರಾದ ಸಕ್ಕರೆಯನ್ನು ಹೀರಿ ಬೇರಿಗೂ ಕಾಂಡಕ್ಕೂ ರವಾನಿಸುವುದು ಇವೇ. ಒಣ ಬೀಜದ ತಿರುಳನ್ನೂ ಇದರ ತಿರುಳನ್ನೂ ಕಾಗದದ ಮೇಲೆ ಉಜ್ಜಿ, ನೀರಿನ ಕಲೆ ಆರುವ ತನಕ ಕಾದೆ. ಒಣ ಬೀಜದ ಕಲೆ ಕಿಟಕಿಗೆ ಹಿಡಿದರೆ ಫಳಫಳ, ಮೊಳಕೆಯದು ಮಂಕು. ಎಣ್ಣೆ ಕರಗುತ್ತಿತ್ತು.

ಇನ್ನು ಸಕ್ಕರೆ. ತಿರುಳನ್ನು ನೀರಿನಲ್ಲಿ ಅರೆದು ಸೋಸಿ, ಹಲವು ಸಕ್ಕರೆಗಳ ಜೊತೆ ಕಾಯಿಸಿದರೆ ಕೆಂಪಾಗುವ ನೀಲಿ ಬೆನೆಡಿಕ್ಟ್ ದ್ರಾವಣ ಬೆರೆಸಿ ಕಾಯಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಮತ್ತೆ ಮಾಡಿದೆ, ಮತ್ತೆ ನೀಲಿ. ಬೀಜವನ್ನೂ ದ್ರಾವಣವನ್ನೂ ಬೈದುಕೊಂಡು ಮಲಗಿದೆ. ಬೆಳಿಗ್ಗೆ ಕಾಫಿಗೆ ಸಕ್ಕರೆ ಹಾಕುವಾಗ ನನ್ನ ಪೆದ್ದುತನ ಹೊಳೆಯಿತು. ಬೀಜ ತಯಾರಿಸುವುದು ಮುಖ್ಯವಾಗಿ ಸುಕ್ರೋಸ್, ಅಂದರೆ ಈ ಚಮಚದಲ್ಲಿರುವ ಸಕ್ಕರೆಯೇ. ಬೆನೆಡಿಕ್ಟ್‌ಗೆ ಅದು ಕಾಣುವುದೇ ಇಲ್ಲ! ನಾನೇ ಮಕ್ಕಳ ಉತ್ತರಪತ್ರಿಕೆಯಲ್ಲಿ ಎಷ್ಟು ಸಲ ಇದಕ್ಕೆ ಅಂಕ ಕಳೆದಿದ್ದೇನೋ. ಅಂದು ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲಿ ನಾಲ್ಕು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸಿ ಸುಕ್ರೋಸನ್ನು ಬೆನೆಡಿಕ್ಟ್‌ಗೆ ಕಾಣುವ ಸರಳ ಸಕ್ಕರೆಗಳಾಗಿ ಒಡೆದು, ಅಡುಗೆ ಸೋಡಾದಿಂದ ಆಮ್ಲವನ್ನು ತಟಸ್ಥಗೊಳಿಸಿ, ಪರೀಕ್ಷೆ ಮಾಡಿದೆ. ಹಸಿರು, ಹಳದಿ, ಆಮೇಲೆ ಇಟ್ಟಿಗೆ ಕೆಂಪು. ಹೀಗೆಯೇ ಮಾಡಿದ ಒಣ ಬೀಜದ ಪ್ರನಾಳ ತುಸು ಹಸಿರಿಗೆ ತಿರುಗಿ ನಿಂತಿತು. ಅಯೋಡಿನ್ ಎರಡರಲ್ಲೂ ಕಪ್ಪಾಗಲಿಲ್ಲ, ಹಾಗಾಗಿ ಪಿಷ್ಟದಿಂದ ಬಂದ ಸಕ್ಕರೆ ಇದಲ್ಲ.

ಒಳಗೆ ನಡೆಯುವುದು ಇಷ್ಟು. ಲೈಪೇಸ್ ಕಿಣ್ವ ಎಣ್ಣೆಯನ್ನು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆಯುತ್ತದೆ. ಕೊಬ್ಬಿನಾಮ್ಲ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಲ್ಪಡುತ್ತದೆ. ನಮ್ಮ ದೇಹದಲ್ಲಾದರೆ ಈ ತುಂಡುಗಳು ಜೀವಕೋಶಕ್ಕೆ ಶಕ್ತಿ ಒದಗಿಸುವ ಕ್ರೆಬ್ಸ್ ಚಕ್ರಕ್ಕೆ ಬಿದ್ದು, ಅದರ ಒಂದು ಸುತ್ತಿಗೆ ಎರಡು ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹೋಗಿಬಿಡುತ್ತವೆ. ಶಕ್ತಿ ಸಿಗುತ್ತದೆ, ಸಕ್ಕರೆ ಕಟ್ಟಲು ಬಂಡವಾಳ ಉಳಿಯುವುದಿಲ್ಲ. ಬೀಜ ಇಂಗಾಲ ಕಳೆದುಹೋಗುವ ಆ ಎರಡು ಹೆಜ್ಜೆಗಳನ್ನು ತಪ್ಪಿಸಿ ಒಳದಾರಿ ಹಿಡಿಯುತ್ತದೆ. ಎರಡು ತುಂಡುಗಳಿಂದ ನಾಲ್ಕು ಇಂಗಾಲದ ಸಕ್ಸಿನೇಟ್ ಹುಟ್ಟಿ, ಮೈಟೊಕಾಂಡ್ರಿಯಾದ ಮೂಲಕ ಹಾದು ಕೊನೆಗೆ ಸುಕ್ರೋಸ್ ಆಗುತ್ತದೆ. ಗ್ಲೈಯಾಕ್ಸಿಲೇಟ್ ಚಕ್ರ ಎಂಬ ಈ ಒಳದಾರಿಯನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ವಿವರಿಸಿದರು. ಅದು ನಡೆಯುವ ಗ್ಲೈಯಾಕ್ಸಿಸೋಮ್ ಎಂಬ ಪುಟ್ಟ ಚೀಲವನ್ನು 1967ರಲ್ಲಿ ಬ್ರೈಡೆನ್‌ಬಾಕ್ ಮತ್ತು ಬೀವರ್ಸ್ ಗುರುತಿಸಿದ್ದು ಹರಳು ಬೀಜದಲ್ಲಿಯೇ.

ಮುಂದಿನ ವಾರ ತರಗತಿಯಲ್ಲಿ ಮಾಡಿ ತೋರಿಸಿದೆ, ಮೊದಲು ನೀಲಿಯಾಗಿ ಉಳಿಯುವ ಪ್ರಯೋಗವನ್ನೇ. ಅದೇ ಹುಡುಗಿ, “ಎಣ್ಣೆ ಸಕ್ಕರೆಯಾಗುವಾಗ ಆಮ್ಲಜನಕ ಸೇರುತ್ತದಲ್ಲ, ಹಾಗಾದರೆ ಬೀಜದ ಒಣತೂಕ ಹೆಚ್ಚಬೇಕಲ್ಲವೇ ಮೇಡಂ?” ಎಂದಳು. ಮೊದಲ ದಿನಗಳಲ್ಲಿ ಹೆಚ್ಚುತ್ತದೆ, ಓದಿ ಬಲ್ಲೆ. ತೂಗಿ ನೋಡೋಣವೆಂದರೆ ನನ್ನ ಅಡುಗೆಮನೆಯ ತಕ್ಕಡಿ ಗ್ರಾಮಿಗಿಂತ ಕೆಳಕ್ಕೆ ಇಳಿಯುವುದಿಲ್ಲ. ರಸಾಯನಶಾಸ್ತ್ರ ವಿಭಾಗದ ತಕ್ಕಡಿಗೆ ಅರ್ಜಿ ಬರೆದಿಟ್ಟಿದ್ದೇನೆ.