ಹಳೇ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರ್?

ಮೊದಲು ನೆಗೆಟಿವ್ ಅಳೆಯಿರಿ. ಎಲ್ಲವೂ 35 ಮಿ.ಮೀ. ಇದ್ದರೆ ಪ್ಲಸ್‌ಟೆಕ್ 8200ಐ ಸಾಕು. ಅದರಲ್ಲಿ ದೊಡ್ಡ ಫಿಲ್ಮ್ ಹಿಡಿಸುವುದಿಲ್ಲ. ಜೊತೆಗೆ 120 ರೋಲ್ (ಸುಮಾರು 6 ಸೆಂ.ಮೀ. ಅಗಲದ ಫಿಲ್ಮ್) ಕೂಡ ಇದ್ದರೆ ಎಪ್ಸನ್ ವಿ600 ನೋಡಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. 4×5 ಇಂಚಿನ ಶೀಟ್ ಫಿಲ್ಮ್‌ಗೆ ಇದರ ಮುಚ್ಚಳದ ದೀಪದ ಅಗಲ ಸಾಲದು. ವಿ800 ಅಥವಾ ವಿ850 ಬೇಕು.

ಡಬ್ಬದ ಮೇಲಿನ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ನಂಬಬೇಡಿ. ಎಪ್ಸನ್‌ನಂಥ ಫ್ಲಾಟ್‌ಬೆಡ್‌ನಲ್ಲಿ (ಗಾಜಿನ ಹಲಗೆಯ ಸ್ಕ್ಯಾನರ್) ನಿಜವಾದ ವಿವರ ಅದಕ್ಕಿಂತ ಬಹಳ ಕಡಿಮೆ. 2400ರಲ್ಲಿ ಸ್ಕ್ಯಾನ್ ಮಾಡಿದರೆ 35 ಮಿ.ಮೀ. ಫ್ರೇಮ್ ಸುಮಾರು 3400×2270 ಪಿಕ್ಸೆಲ್ ಆಗುತ್ತದೆ; ಅದಕ್ಕಿಂತ ಏರಿಸಿದರೆ ಹೆಚ್ಚಾಗಿ ಫೈಲ್ ಊದುತ್ತದೆ ಅಷ್ಟೆ.

ಕೊಳ್ಳುವಾಗ ಫಿಲ್ಮ್ ಹೋಲ್ಡರ್‌ಗಳು ಜೊತೆಗಿವೆಯೇ ನೋಡಿ. ಹೋಲ್ಡರ್ ಇಲ್ಲದೆ ಗಾಜಿನ ಮೇಲೇ ಇಟ್ಟರೆ ಕಾಮನಬಿಲ್ಲಿನಂಥ ಉಂಗುರಗಳು ಮೂಡುತ್ತವೆ, ಫೋಕಸ್ಸೂ ತಪ್ಪಬಹುದು. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಪತ್ತೆಹಚ್ಚಿ ಅಳಿಸುವ ‘ಡಿಜಿಟಲ್ ಐಸ್’ ಸೌಲಭ್ಯ ಕಲರ್ ನೆಗೆಟಿವ್‌ಗೆ ವರ. ಮಾಮೂಲಿ ಕಪ್ಪು-ಬಿಳುಪಿಗೆ ಆಫ್ ಮಾಡಿ: ಬೆಳ್ಳಿಯ ಕಣಗಳು ಇನ್‌ಫ್ರಾರೆಡ್ ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ಒರೆಸಿಬಿಡುತ್ತದೆ.