ಸಿಕಲ್ ಸೆಲ್ ವಾಹಕ ಗರ್ಭಿಣಿಯರಲ್ಲಿ ಮಲೇರಿಯಾ ಪ್ರತಿಕಾಯ: ನಾನು ಅಳೆಯುವ ಕ್ರಮ

ಕೆಂಪುಕಣವನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಸೆಲ್ ಜೀನು (ಎಸ್) ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದ ಮಕ್ಕಳು, ಅಂದರೆ ಒಂದು ಸಾಮಾನ್ಯ ಎ, ಒಂದು ಎಸ್ ಇರುವ ಎಎಸ್ ವಾಹಕರು, ಫಾಲ್ಸಿಪಾರಂ ಮಲೇರಿಯಾದಿಂದ ಪ್ರಾಣಾಪಾಯಕ್ಕೆ ಹೋಗುವುದು ಅಪರೂಪ. ಆಂಥೋನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದಿಂದ ಮುಂದಿಟ್ಟ ಈ ಮಾತಿಗೆ ಈಗ ತಕರಾರಿಲ್ಲ. ಗರ್ಭಿಣಿಯರ ವಿಷಯದಲ್ಲಿ ಮಾತ್ರ ಒಂದು ಅಧ್ಯಯನ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಅದರಲ್ಲಿ ಸ್ವಲ್ಪ ಪಾಲು ಮಾದರಿ ಹಿಡಿದ ಕೈಯದೇ ಎಂದು ನನ್ನ ಅಂದಾಜು. ಪಶ್ಚಿಮ ಆಫ್ರಿಕಾದ ಹೆರಿಗೆ ವಾರ್ಡಿನ ಮಾದರಿಗಳಿಗೆ ನಾನು ಅನುಸರಿಸುವ ಕ್ರಮವಿದು.

ಮೊದಲು ಎಎಸ್ ಯಾರು ಎಂಬುದು ಖಚಿತವಾಗಬೇಕು. ರಕ್ತ ತಾಯಿಯ ತೋಳಿನದ್ದೇ ಇರಲಿ. ಮಾಸಿನಿಂದ (ಪ್ಲಾಸೆಂಟಾ) ತೆಗೆದರೆ ಮಗುವಿನ ರಕ್ತ ಬೆರೆಯುತ್ತದೆ. ಎಸ್ ಹಿಮೋಗ್ಲೋಬಿನ್ ಇದ್ದರೆ ದ್ರಾವಣ ಕದಡುವ ಸಾಲ್ಯುಬಿಲಿಟಿ ಪರೀಕ್ಷೆಗೆ 2 ಮಿ.ಲೀ. ಡೈಥಯೋನೈಟ್ ದ್ರಾವಣ, 20 ಮೈಕ್ರೋಲೀಟರ್ ರಕ್ತ, 5 ನಿಮಿಷ. ಹಿಂದಿಟ್ಟ ಕಪ್ಪು ಗೆರೆ ಕಾಣದಿದ್ದರೆ ಪಾಸಿಟಿವ್. ಬಸುರಿಯರಲ್ಲಿ ರಕ್ತಹೀನತೆ ಹೆಚ್ಚು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 7 ಗ್ರಾಂಗಿಂತ ಕೆಳಗಿದ್ದರೆ ಸುಳ್ಳು ನೆಗೆಟಿವ್ ಬರಬಹುದು. ಹಾಗಾಗಿ ಎಲ್ಲರಿಗೂ ಪ್ಲಾಸ್ಮಾ ತೆಗೆದ ಕಣಗಳನ್ನೇ 10 ಮೈಕ್ರೋಲೀಟರ್ ಹಾಕುತ್ತೇನೆ. ಗಾಳಿ ತಾಗಿದ ಡೈಥಯೋನೈಟ್ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಸಲವೂ ಗೊತ್ತಿರುವ ಎಎ (ಸಿಕಲ್ ಜೀನಿಲ್ಲದ), ಎಎಸ್ ರಕ್ತ ಜೊತೆಗಿರಬೇಕು.

ಈ ಪರೀಕ್ಷೆಯಲ್ಲಿ ಎಎಸ್, ಎಸ್‌ಎಸ್, ಎಸ್‌ಸಿ ಮೂರೂ ಕದಡಿಯೇ ಕಾಣುತ್ತವೆ. ಎರಡೂ ಜೀನು ಎಸ್ ಆದವರು, ಒಂದು ಎಸ್ ಜೊತೆಗೆ ಹಿಮೋಗ್ಲೋಬಿನ್ನಿನ ಇನ್ನೊಂದು ಬದಲಾದ ಜೀನು ಸಿ ಇರುವವರು ರೋಗಿಗಳು, ವಾಹಕರಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಸಿ ಜೀನು ಸಾಮಾನ್ಯ, ಎಸ್‌ಸಿ ರೋಗಿಯನ್ನು ವಾಹಕರ ಪಟ್ಟಿಗೆ ಸೇರಿಸಿದರೆ ಕೆಲಸವೇ ಕೆಟ್ಟಿತು. ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಪರೀಕ್ಷೆಗಳು) ಮಾಡದೆ ಮುಂದೆ ಹೋಗಬಾರದು. ಎಎಸ್‌ನಲ್ಲಿ ಎಸ್‌ಗಿಂತ ಎ ಹೆಚ್ಚಿರುತ್ತದೆ. ಇತ್ತೀಚೆಗೆ ರಕ್ತ ಪಡೆದ ಎಸ್‌ಎಸ್ ರೋಗಿಯೂ ಹಾಗೆಯೇ ಕಾಣಬಹುದು. ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಡಿಎನ್‌ಎ ಪರೀಕ್ಷೆಯೇ ಸರಿ.

ಮಾಸಿನಲ್ಲಿ ಸೋಂಕಿದೆಯೇ ಎಂದು ನೋಡಲು ಅದನ್ನು ಹೆರಿಗೆಯಾದ ಕೂಡಲೇ, ತಾಯಿಯ ಬದಿಯಿಂದ, ಹೊಕ್ಕುಳಬಳ್ಳಿಗೂ ಅಂಚಿಗೂ ನಡುವೆ ಸುಮಾರು 2 ಸೆಂ.ಮೀ. ಕತ್ತರಿಸಿ, ತುಂಡಿನ ಹತ್ತು ಪಟ್ಟು ಪ್ರಮಾಣದ, ಬಫರ್ ಮಾಡಿದ ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಬೇಕು. ಬಫರ್ ಇಲ್ಲದ ಫಾರ್ಮಲಿನ್ ಆಮ್ಲೀಯವಾಗಿ ಕಂದು ಕಣಗಳನ್ನು ಬಿಡುತ್ತದೆ. ಅವು ಮಲೇರಿಯಾ ಬಿಟ್ಟುಹೋದ ಹಿಮೋಜೋಯಿನ್‌ನಂತೆಯೇ ಕಾಣುವುದರಿಂದ, ಇಲ್ಲದ ಸೋಂಕು ವರದಿಯಾಗುತ್ತದೆ. ಹಿಮೋಜೋಯಿನ್ ಮ್ಯಾಕ್ರೋಫೇಜ್ ಮತ್ತು ಫೈಬ್ರಿನ್ ಒಳಗಿರುತ್ತದೆ. ಫಾರ್ಮಲಿನ್ ಕಣಗಳು ಎಲ್ಲೆಂದರಲ್ಲಿ ಚೆಲ್ಲಿರುತ್ತವೆ. ಇನ್ನೊಂದು ತೊಡಕು: ಎಎಸ್ ತಾಯಂದಿರ ಮಾಸಿನ ಸ್ಲೈಡಿನಲ್ಲಿ ಕುಡುಗೋಲಿನಾಕಾರದ ಕಣಗಳು ಕಾಣಸಿಗುತ್ತವೆ. ಹೆಸರು ಮುಚ್ಚಿಟ್ಟರೂ ಓದುವವರಿಗೆ ಗುಟ್ಟು ರಟ್ಟು!

ಮಾಸಿಗೆ ಅಂಟುವ ಪರೋಪಜೀವಿ ವಾರ್2ಸಿಎಸ್‌ಎ ಎಂಬ ಪ್ರೋಟೀನನ್ನು ಕೆಂಪುಕಣದ ಮೇಲೆ ತೋರಿಸಿ ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುತ್ತದೆ. ಚೊಚ್ಚಲ ಬಸುರಿಯರಿಗೆ ಇದರ ವಿರುದ್ಧ ಪ್ರತಿಕಾಯ ಕಡಿಮೆ. ಪ್ರತಿಕಾಯವನ್ನು ಬಣ್ಣದಿಂದ ಅಳೆಯುವ ಎಲೈಸಾದಲ್ಲಿ ತಟ್ಟೆಯ ಕುಳಿಗಳಿಗೆ ಲೇಪಿಸುವ ಪ್ರೋಟೀನ್ ಮಿಲಿಲೀಟರಿಗೆ 1 ಮೈಕ್ರೋಗ್ರಾಂ, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಪ್ಲಾಸ್ಮಾ 100ಕ್ಕೆ 1ರಂತೆ ತೆಳುಮಾಡಿದ್ದು. ನೆಗೆಟಿವ್ ನಿಯಂತ್ರಣಕ್ಕೆ ಅದೇ ಊರಿನ ಗಂಡಸರು: ಮಲೇರಿಯಾ ಕಂಡವರು, ಮಾಸಿಲ್ಲದವರು. ಅವರ ಕುಳಿಗಳೇ ಬಣ್ಣ ಏರಿಸಿದರೆ ಪ್ರೋಟೀನ್ ಶುದ್ಧವಿಲ್ಲವೆಂದು ನನ್ನ ಮೊದಲ ಅನುಮಾನ. ಪಾಸಿಟಿವ್‌ಗೆ ಹಲವು ಹೆತ್ತವರ ಪ್ಲಾಸ್ಮಾ ಬೆರೆಸಿಟ್ಟುಕೊಳ್ಳಿ.

ಸೋಂಕಿದ ಕಣಗಳಿಗೆ ಪ್ರತಿಕಾಯ ಅಂಟುವುದನ್ನು ಅಳೆಯುವ ಫ್ಲೋ ಸೈಟೋಮೆಟ್ರಿಗೆ ಪರೋಪಜೀವಿಯನ್ನು ಎಎ, ಓ ಗುಂಪಿನ ರಕ್ತದಲ್ಲೇ ಬೆಳೆಸುತ್ತೇನೆ. ಎಎಸ್ ಕಣಗಳ ಮೇಲೆ ಇಂಥ ಪ್ರೋಟೀನುಗಳು ಕಡಿಮೆ ಮೂಡುತ್ತವೆ. ಅದರಲ್ಲಿ ಬೆಳೆಸಿದರೆ ಕಣದ ಗುಣವನ್ನು ಪ್ಲಾಸ್ಮಾದ ತಲೆಗೆ ಕಟ್ಟಿದಂತಾಗುತ್ತದೆ.

ಎಎಸ್ ತಾಯಿಯಲ್ಲಿ ಪ್ರತಿಕಾಯ ಕಡಿಮೆ ಬಂದರೆ ರೋಗನಿರೋಧಕತೆ ಕುಂದಿದೆ ಎಂದು ಬರೆಯಬೇಡಿ. ಸೋಂಕೇ ಕಡಿಮೆ ತಗುಲಿರಬಹುದು. ಮೊದಲನೆಯ, ಎರಡನೆಯ, ಮೂರು ಮತ್ತು ಮೇಲಿನ ಬಸಿರುಗಳನ್ನು ಬೇರೆ ಬೇರೆ ಇಟ್ಟೇ ಹೋಲಿಸಬೇಕು. ಬಸುರಿಯರಿಗೆ ಮಲೇರಿಯಾ ತಡೆಯಲು ಕೊಡುವ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಎಷ್ಟು ಡೋಸ್ ಆಗಿದೆ, ಫೋಲಿಕ್ ಆಮ್ಲ ಎಷ್ಟು ಎಂಬುದನ್ನೂ ಬರೆದುಕೊಳ್ಳಿ: ದಿನಕ್ಕೆ 0.4 ಮಿ.ಗ್ರಾಂ ಆದರೆ ತೊಂದರೆಯಿಲ್ಲ, 5 ಮಿ.ಗ್ರಾಂ ಆದರೆ ಆ ಔಷಧಿಯ ಕೆಲಸವನ್ನೇ ತಡೆಯುತ್ತದೆ. ಸಿಕಲ್ ಎಂಬ ಪದ ಚೀಟಿಯಲ್ಲಿ ಕಂಡೊಡನೆ ವಾಹಕರಿಗೂ 5 ಮಿ.ಗ್ರಾಂ ಬರೆದಿರುವ ಸಾಧ್ಯತೆಯಿದೆ, ಮಾತ್ರೆಯ ಪಟ್ಟಿಯನ್ನೇ ತರಿಸಿ ನೋಡಿ.