ಸೂಜಿಗೆ ಮುಂಚೆ ಕಾಣದ ಗ್ಲೌಸ್ ತೊಡಿಸಿ

ಇಂಜೆಕ್ಷನ್ ಅಂದ ತಕ್ಷಣ ಮಗು ಅಮ್ಮನ ಹಿಂದೆ ಅವಿತುಕೊಳ್ಳುತ್ತದೆ. ‘ಏನೂ ಆಗಲ್ಲ ಪುಟ್ಟ, ಸ್ವಲ್ಪಾನೂ ನೋವಾಗಲ್ಲ’ ಎಂದು ನಾವು ಸಮಾಧಾನ ಮಾಡುತ್ತೇವೆ. ಅದರ ಕಿವಿಗೆ ಬೀಳುವುದು ‘ನೋವು’ ಅನ್ನುವ ಮಾತೊಂದೇ. ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಶುರುವಾಗುವುದೇ ಈ ಮಾತನ್ನು ಬದಲಾಯಿಸುವುದರಿಂದ.

ತೂಗಾಡುವ ಗಡಿಯಾರ, ‘ನಿನಗೀಗ ನಿದ್ದೆ ಬರುತ್ತಿದೆ’ ಎಂಬ ಅಪ್ಪಣೆ, ಅದೆಲ್ಲ ಸಿನಿಮಾದ್ದು. ಹಿಪ್ನೋಸಿಸ್ ಎಂಬ ಹೆಸರು ಗ್ರೀಕರ ನಿದ್ದೆಯ ದೇವರಿಂದ ಬಂದಿದ್ದೇ ಅರ್ಧ ಗೊಂದಲಕ್ಕೆ ಕಾರಣ. ಇಲ್ಲಿ ಮಗು ಎಚ್ಚರವಾಗಿಯೇ ಇರುತ್ತದೆ, ಎಷ್ಟೋ ಸಲ ಕಣ್ಣನ್ನೂ ಮುಚ್ಚುವುದಿಲ್ಲ. ಆಟದಲ್ಲಿ ಮುಳುಗಿದ ಮಗುವನ್ನು ನಾಲ್ಕು ಸಲ ಕರೆದರೂ ಕೇಳಿಸುವುದಿಲ್ಲ ಅಲ್ವಾ? ಹೆಚ್ಚುಕಡಿಮೆ ಅದೇ ಸ್ಥಿತಿ. ಸೂಜಿ ಚುಚ್ಚುವುದು ಚರ್ಮಕ್ಕೆ, ಅದು ಎಷ್ಟು ನೋಯಬೇಕು ಎಂದು ತೀರ್ಮಾನಿಸುವುದು ಮಿದುಳು. ಗಮನ ಬೇರೆಡೆ ಇದ್ದರೆ, ದಿಗಿಲು ಕಡಿಮೆಯಾದರೆ, ನೋವೂ ತಗ್ಗುತ್ತದೆ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಮಕ್ಕಳ ಸೂಜಿ ನೋವಿನ ಬಗ್ಗೆ ನಡೆದ 59 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಫಲ ಕಂಡ ಉಪಾಯಗಳಲ್ಲಿ ಹಿಪ್ನೋಸಿಸ್ ಕೂಡ ಇತ್ತು. ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಅವರೇ ಹೇಳಿದ್ದಾರೆ.

ಮೊದಲು, ಕಾಣದ ಗ್ಲೌಸ್ ಆಟದ ಅಭ್ಯಾಸ ಮನೆಯಲ್ಲಿ ಆಗಲಿ. ಸೂಜಿಯ ದಿನಕ್ಕೆ ಕೆಲವು ದಿನ ಮುಂಚೆ, ಮಗು ಆರಾಮಾಗಿರುವಾಗ ಐದು ನಿಮಿಷ ಸಾಕು. ಕ್ಲಿನಿಕ್ಕಿನ ಬಾಗಿಲಲ್ಲಿ ಅಳುತ್ತಿರುವ ಮಗುವಿಗೆ ಹೊಸ ಆಟ ಕಲಿಸಲು ಹೊರಟರೆ ಯಾರಿಗೂ ಆಗದ ಕೆಲಸ.

ಆಮೇಲೆ ಉಸಿರು. ಸೋಪಿನ ಗುಳ್ಳೆ ಊದುವ ಹಾಗೆ ನಿಧಾನವಾಗಿ, ಉದ್ದಕ್ಕೆ ಹೊರಬಿಡಲು ಹೇಳಿ. ಮೂರ್ನಾಲ್ಕು ಸಲ ಊದುವಷ್ಟರಲ್ಲಿ ಭುಜ ಸಡಿಲವಾಗುವುದು ಕಾಣಿಸುತ್ತದೆ.

ಈಗ ಗ್ಲೌಸ್. ಇದನ್ನು ಹೆಚ್ಚು ಪ್ರಚಾರಕ್ಕೆ ತಂದವರು ಕೆನಡಾದ ಮಕ್ಕಳ ಮನಶ್ಶಾಸ್ತ್ರಜ್ಞೆ ಲಿಯೋರಾ ಕಟ್ನರ್. ‘ನನ್ನ ಹತ್ರ ಕಣ್ಣಿಗೆ ಕಾಣದ ಒಂದು ಗ್ಲೌಸ್ ಇದೆ. ಯಾವ ಬಣ್ಣ ಬೇಕು?’ ಎಂದು ಕೇಳಿ. ಬಣ್ಣ ಆರಿಸುವುದು ಮಗುವೇ, ನೀವಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳಿಗೆ ತೊಡಿಸುವ ಹಾಗೆ ಮೆತ್ತಗೆ, ಆದರೆ ಬಿಗಿಯಾಗಿ ಸವರಿ. ಅಂಗೈ, ಮಣಿಕಟ್ಟು, ಹಾಗೇ ಸೂಜಿ ಚುಚ್ಚುವ ಜಾಗ ದಾಟುವವರೆಗೆ. ಅವಸರ ಬೇಡ. ‘ಗ್ಲೌಸ್ ಒಳಗೆ ಕೈ ದಪ್ಪಗೆ, ಜೋಮು ಹಿಡಿದ ಹಾಗೆ ಆಗ್ತಾ ಇದೆ’ ಎನ್ನುತ್ತಿರಿ. ನಂತರ ಪೆನ್ಸಿಲ್ಲಿನ ಮೊಂಡು ತುದಿಯಿಂದ ಗ್ಲೌಸ್ ಇಲ್ಲದ ಕೈಯನ್ನು ಒತ್ತಿ, ಆಮೇಲೆ ಇದನ್ನು. ‘ಮುಟ್ಟಿದ್ದು ಗೊತ್ತಾಗುತ್ತೆ, ಆದರೆ ಕಾಟ ಕೊಡಲ್ಲ’ ಎಂಬ ಮಾತೇ ಇಲ್ಲಿ ಮುಖ್ಯ. ಏನೂ ಗೊತ್ತಾಗಲ್ಲ ಎಂದು ಮಾತು ಕೊಡಬೇಡಿ. ಸುಳ್ಳು ಒಂದು ಸಲ ಸಿಕ್ಕಿಬಿದ್ದರೆ ಮುಂದಿನ ಸಲ ಗ್ಲೌಸ್ ಕೆಲಸ ಮಾಡುವುದಿಲ್ಲ.

ಸೂಜಿಯ ದಿನ ಮಗುವನ್ನು ಮಲಗಿಸಿ ಅದುಮಿ ಹಿಡಿಯಬೇಡಿ, ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಗ್ಲೌಸ್ ತೊಡಿಸುತ್ತಿರುವುದನ್ನು ನರ್ಸ್‌ಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಡುವೆ ‘ಈಗ ಚುಚ್ಚುತ್ತೆ ನೋಡು’ ಅಂದುಬಿಡುತ್ತಾರೆ. ಮರಗಟ್ಟಿಸುವ ಕ್ರೀಮ್ ಬೇಕಿದ್ದರೆ ವೈದ್ಯರನ್ನು ಕೇಳಿ. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಕ್ರೀಮ್, ಗ್ಲೌಸ್ ಎರಡೂ ಒಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು. ಸೂಜಿ ಒಳಗೆ ಹೋಗುವಾಗ ಮಗುವಿಗೆ ಇಷ್ಟದ ಜಾಗದ ಮಾತು ತೆಗೆಯಿರಿ: ಅಲ್ಲಿ ಯಾರಿದ್ದಾರೆ, ಯಾವ ಸದ್ದು ಕೇಳ್ತಿದೆ?

ಮುಗಿದ ಮೇಲೆ ಗ್ಲೌಸ್ ಬಿಚ್ಚುವುದನ್ನು ಮರೆಯಬೇಡಿ. ಒಂದೊಂದೇ ಬೆರಳು ಎಳೆದು, ‘ಕೈ ಮತ್ತೆ ಮೊದಲಿನ ಹಾಗೆ ಆಯ್ತು’ ಎನ್ನಿ.

ಸೂಜಿಯ ಹೆಸರೆತ್ತಿದರೆ ವಾಂತಿ ಮಾಡುವ, ಚಿಕಿತ್ಸೆಯನ್ನೇ ಬೇಡ ಅನ್ನುವ ಮಗುವಿಗೆ ಮನೆಯ ಆಟ ಸಾಲದು. ತರಬೇತಿ ಪಡೆದ ಮಕ್ಕಳ ಮನಶ್ಶಾಸ್ತ್ರಜ್ಞರನ್ನೇ ಕಾಣಿ. ಇನ್ನು ರಕ್ತ ಕಂಡರೆ ತಲೆ ತಿರುಗಿ ಬೀಳುವ ಮಕ್ಕಳೂ ಇದ್ದಾರೆ. ಅವರಿಗೆ ಮೈ ಸಡಿಲ ಬಿಡಿಸುವುದು ಉಲ್ಟಾ ಹೊಡೆಯುತ್ತದೆ, ಏಕೆಂದರೆ ಅವರ ರಕ್ತದೊತ್ತಡ ಆಗಲೇ ಇಳಿಯುತ್ತಿರುತ್ತದೆ. ಅಂಥ ಮಗುವಿಗೆ ಕಾಲು, ಹೊಟ್ಟೆ, ಇನ್ನೊಂದು ಕೈಯ ಮುಷ್ಟಿ ಎಲ್ಲ ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿದು ಬಿಡಲು ಕಲಿಸಿ. ಚುಚ್ಚುವ ಕೈ ಮಾತ್ರ ಸಡಿಲವಾಗಿರಲಿ.